ಮಂಚದ ಕೆಳಗೆ ಕೇಳಿದ ಮಾತು

ನನ್ನ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಫಾರಂ ಎಲ್ಲಾ ಅರ್ಥ ಆಯ್ತು. ಆದ್ರೆ ಈ ಕೆಲಸ ನಿಜವಾಗ್ಲೂ ಏನು ಅಂತ ಗೊತ್ತಾಗ್ತಿಲ್ಲ" ಅಂದಳು. ನನಗೆ ತಡೆಯಲಾರದಷ್ಟು ನಗು ಬಂತು. ತುಮಕೂರಿನಿಂದ ಗುಬ್ಬಿಗೆ ಹೋಗುವ ದಾರಿಯ ಒಂದು ಖಾಸಗಿ ಕಾಲೇಜಿನಲ್ಲಿ, ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ, ಇಪ್ಪತ್ತಾರು ವರ್ಷ ಕೂತು ಎದ್ದವಳು ನಾನು. ಆ ಕೆಲಸ ಏನು ಅಂತ ನನಗೆ ಗೊತ್ತಾದದ್ದು ಕೊನೆಯ ಎರಡು ವರ್ಷಗಳಲ್ಲಿ. ಈ ಹುಡುಗಿ ಮೊದಲ ವಾರದಲ್ಲೇ ಕೇಳುತ್ತಿದ್ದಾಳೆ! ಅವಳಿಗೋಸ್ಕರ ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಬಂತು ಅನ್ನುವುದು ನನಗೇ ನೆನಪಿಲ್ಲ, ಅದು ಬೇಡ. ಎಡವಿದ್ದೆಲ್ಲ ಚೆನ್ನಾಗಿ ನೆನಪಿದೆ.

ಮೊದಲನೆಯ ಎಡವಟ್ಟು ಹಾಸ್ಟೆಲ್‌ನದು. ಸುಡಾನ್ ದೇಶದಿಂದ ನಮ್ಮಲ್ಲಿಗೆ ಮೊಟ್ಟಮೊದಲ ವಿದ್ಯಾರ್ಥಿ ಬರುವವನಿದ್ದ. ಕಾಗದದಲ್ಲಿ ಸಾಲಾಗಿ ನಾಲ್ಕು ಹೆಸರು ಇದ್ದವು. ನಾನು ನಾಲ್ಕು ಜನ ಅಂದುಕೊಂಡೆ. ನಾಲ್ಕು ಮಂಚ, ನಾಲ್ಕು ಹಾಸಿಗೆ, ನಾಲ್ಕು ಬಕೆಟ್ಟು ಸಿದ್ಧ ಮಾಡಿಸಿದೆ. ಅಟೆಂಡರ್ ಹೊನ್ನಪ್ಪ ನಾಲ್ಕು ಹೂವಿನ ಹಾರ ಹಿಡಿದು ಗೇಟಿನಲ್ಲಿ ನಿಂತ. ಆಟೋದಿಂದ ಇಳಿದವನು ಒಬ್ಬನೇ, ಬಾಗಿಲಿಗಿಂತ ಎತ್ತರದ ಹುಡುಗ. ಹೊನ್ನಪ್ಪ ಆಟೋ ಒಳಗೆಲ್ಲ ಬಗ್ಗಿ ನೋಡಿ, "ಮಿಕ್ಕಿದ್ ಮೂರ್ ಜನ ಎಲ್ ಬುಟ್ಟ್ ಬಂದೆ?" ಅಂತ ಕೇಳಿದ. ಮಿಕ್ಕ ಮೂವರು ಅವನ ಅಪ್ಪ, ತಾತ, ಮುತ್ತಾತ. ಅವರಲ್ಲಿ ಹೆಸರು ಬರೆಯುವುದೇ ಹಾಗೆ. ಹೊನ್ನಪ್ಪ ನಾಲ್ಕೂ ಹಾರವನ್ನು ಅವನೊಬ್ಬನ ಕೊರಳಿಗೇ ಹಾಕಿದ. ಆ ಹುಡುಗ ಈಗ ದುಬೈನಲ್ಲಿ ದೊಡ್ಡ ಔಷಧ ಅಂಗಡಿ ಇಟ್ಟಿದ್ದಾನೆ, ಆ ಹಾರದ ಫೋಟೋ ಅಲ್ಲಿ ತೂಗುಹಾಕಿದ್ದಾನಂತೆ.

ನಮ್ಮ ರಿಜಿಸ್ಟ್ರಾರ್ ಚಂದ್ರಶೇಖರಯ್ಯನವರು ಮಾತ್ರ ನಗಲಿಲ್ಲ. ಹಣೆಗೆ ಮೂರು ಬೆರಳು ವಿಭೂತಿ, ಜೇಬಿನಲ್ಲಿ ಕೆಂಪು ಪೆನ್ನು, ಇಷ್ಟೇ ಅವರು. ನಾನು ಬರೆದ ಪ್ರತಿ ಕಾಗದವೂ ಅವರ ಮೇಜಿನಿಂದ ಗಾಯ ಮಾಡಿಕೊಂಡು ಹಿಂದಿರುಗುತ್ತಿತ್ತು. ಅಲ್ಪವಿರಾಮ ತಪ್ಪಿದರೂ ಒಂದು ಕೆಂಪು ಸುತ್ತು.

ಆಗ ನಮ್ಮ ವಿಭಾಗ ಅಂದರೆ ಗೋಡೆಯಲ್ಲೊಂದು ಕಿಟಕಿ. ಸರಳಿನ ಒಳಗೆ ನಾನು, ಹೊರಗೆ ಅವರು. ಎತ್ತರದ ಮಕ್ಕಳೆಲ್ಲ ಸೊಂಟ ಬಗ್ಗಿಸಿ ಮಾತಾಡಬೇಕಿತ್ತು. "ಪಾಸ್‌ಪೋರ್ಟ್, ಎರಡು ಫೋಟೋ, ಮುಂದಿನವರು" ಅನ್ನುವುದು ನನ್ನ ಮಂತ್ರ. ಮುಖ ನೋಡುತ್ತಿದ್ದದ್ದು ಫೋಟೋಗೆ ಹೋಲುತ್ತದೆಯೇ ಅಂತ ತಿಳಿಯಲು ಮಾತ್ರ.

ಬಹಳ ವರ್ಷಗಳ ಮೇಲೆ ಆ ಕಿಟಕಿಗೆ ಒಂದು ದಿನ ಬಂದವಳು ಅಮಾನಿ. ಫಾರ್ಮಸಿ ಓದುತ್ತಿದ್ದ ಹುಡುಗಿ, ಸುಡಾನಿನ ಒಮ್ದುರ್ಮಾನ್ ಊರಿನವಳು. ಎರಡೇ ವರ್ಷದಲ್ಲಿ ಕನ್ನಡ ಕಲಿತಿದ್ದಳು, ಅದೂ ನಮ್ಮ ತುಮಕೂರಿನ ಬಸ್ ಕನ್ನಡ. "ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಎಲ್ಲದಕ್ಕೂ ಅನ್ನುವಳು. ಅವಳ ದೇಶದಲ್ಲಿ ಯುದ್ಧ ಶುರುವಾಗಿ ಆಗಲೇ ಕೆಲವು ವಾರಗಳಾಗಿದ್ದವು. ನಾನು ಟಿವಿಯಲ್ಲಿ ನೋಡಿದ್ದೆ, ನೋಡಿ ಮರೆತಿದ್ದೆ. ರಜೆಗೆ ಯಾರು ಯಾರು ಊರಿಗೆ ಹೋಗುತ್ತಾರೆಂದು ಪಟ್ಟಿ ಮಾಡುವ ಸಮಯ. ತಲೆ ಎತ್ತದೆ, "ಊರಿಗೆ ಯಾವತ್ತು ಹೋಗ್ತೀಯಮ್ಮ?" ಅಂದೆ. ಉತ್ತರ ಬರಲಿಲ್ಲ. ಗದರಿಸುವ ದನಿಯಲ್ಲಿ ಇನ್ನೊಮ್ಮೆ ಕೇಳಿದೆ. ಸರಳಿನ ಆಚೆ ಅವಳು ಕುಸಿದು ಕೂತಿದ್ದು ನನಗೆ ಕಾಣಲಿಲ್ಲ. ಕಿಟಕಿಯಿಂದ ನೆಲ ಕಾಣುತ್ತಿರಲಿಲ್ಲ.

ಹೊನ್ನಪ್ಪ ಓಡಿ ಬಂದು ಅವಳಿಗೆ ಕಾಫಿ ಕುಡಿಸಿ, ನನಗೆ ಬೈದ. "ಅಕ್ಕ, ಆ ಮಗೀಗೆ ಊರೇ ಇಲ್ದಂಗಾಗದೆ. ಅಮ್ಮ, ತಮ್ಮ ಎಲ್ಲವ್ರೆ ಅಂತ ಫೋನೂ ಸಿಗ್ತಿಲ್ವಂತೆ. ನೀವ್ ನೋಡುದ್ರೆ ಡೇಟ್ ಕೇಳ್ತೀರ!" ಅವನು ದಿನಕ್ಕೆರಡು ಸಲ ಅವಳ ಜೊತೆ ಮಾತಾಡುತ್ತಿದ್ದನಂತೆ. ಎರಡು ವರ್ಷದಿಂದ ಅವಳ ಕಡತ ನನ್ನ ಹತ್ತಿರವಿತ್ತು, ನನಗೆ ಅವಳಿಗೊಬ್ಬ ತಮ್ಮ ಇರುವುದೇ ತಿಳಿದಿರಲಿಲ್ಲ. ಮಾರನೆಯ ದಿನ ನಾನು ಕಿಟಕಿ ಮುಚ್ಚಿ, ಬಾಗಿಲಲ್ಲಿ ಒಂದು ಬೆಂಚು ಹಾಕಿಸಿದೆ. ಚಂದ್ರಶೇಖರಯ್ಯನವರು ಬೆಂಚನ್ನು ಸುತ್ತು ಹಾಕಿ ನೋಡಿದರು. ಅದಕ್ಕೆ ಕೆಂಪು ಪೆನ್ನು ಹಿಡಿಯುವುದಿಲ್ಲ ಅಂತ ಸುಮ್ಮನೆ ಹೋದರು ಅಂದುಕೊಂಡೆ.

ಏಳೆಂಟು ತಿಂಗಳಾದ ಮೇಲೆ ಅಮಾನಿಯ ತಾಯಿ ನಫೀಸಾ ಬಂದರು. ಲಾರಿಯಲ್ಲಿ, ಹಡಗಿನಲ್ಲಿ, ಕೊನೆಗೆ ವಿಮಾನದಲ್ಲಿ, ಮಂಡಿಯ ಚಿಕಿತ್ಸೆಗೆಂದು ವೀಸಾ ಪಡೆದು ಬಂದಿದ್ದರು. ಒಬ್ಬರೇ ಬಂದರು. ಹದಿನೇಳು ವರ್ಷದ ಮಗ ಖಾಲಿದ್ ದಾರಿಯಲ್ಲಿ ತಪ್ಪಿಹೋಗಿದ್ದ. ಹೇಗೆ ಅಂತ ಮಗಳಿಗೂ ಅವರು ಹೇಳಿರಲಿಲ್ಲ. ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರಂತೆ.

ಅವರನ್ನು ಒಂದು ಭಾನುವಾರ ನಿಟ್ಟೂರಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ಬಂದರು ನೋಡಿ! ಎತ್ತರದ ಹೆಂಗಸು, ಮೈತುಂಬ ಸುತ್ತಿ ತಲೆಗೆ ಹೊದ್ದ ಕಿತ್ತಳೆ ಬಣ್ಣದ ಉದ್ದ ಬಟ್ಟೆ. ನನ್ನ ಅತ್ತೆ ಗಂಗಮ್ಮನಿಗೆ ಎಂಬತ್ತು ದಾಟಿದೆ. ಆಗ ತಾನೇ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಇಟ್ಟುಕೊಂಡು ಬಂದವರು, ಆ ಬಟ್ಟೆಯ ಸೆರಗು ಹಿಡಿದು ಎಳೆದೇ ಬಿಟ್ಟರು. "ಎಷ್ಟ್ ಮೊಳ ಐತವ್ವ? ನೆರಿಗೆನೇ ಇಲ್ವಲ್ಲ, ಉದುರಲ್ವಾ?" ನಾನು ನಾಚಿ ಸತ್ತೆ. ನಫೀಸಾ ಅರ್ಥವಾದವರಂತೆ ನಿಂತಲ್ಲೇ ಒಂದು ಸುತ್ತು ಸುತ್ತಿ ತೋರಿಸಿದರು. ಅತ್ತೆಯೂ ತಮ್ಮ ಸೀರೆಯಲ್ಲಿ ಒಂದು ಸುತ್ತು ಸುತ್ತಿದರು. ಇಬ್ಬರೂ ಪಡಸಾಲೆಯಲ್ಲಿ ಬುಗುರಿಯ ಹಾಗೆ ತಿರುಗುತ್ತಿದ್ದಾರೆ!

ಎಲೆಗೆ ಮುದ್ದೆ, ಬೆಂಡೆಕಾಯಿ ಸಾರು ಬಡಿಸಿದೆ. ನಫೀಸಾ ಮುದ್ದೆ ನೋಡಿ, ಬೆರಳಿಟ್ಟು ಒತ್ತಿ, "ಅಸೀದಾ!" ಅಂತ ಕೂಗಿದರು. ಅವರ ಊರಿನಲ್ಲೂ ಜೋಳದ ಹಿಟ್ಟನ್ನು ಹೀಗೇ ತಿರುವಿ, ಬೆಂಡೆಕಾಯಿ ಸಾರಿನಲ್ಲೇ ತಿನ್ನುತ್ತಾರಂತೆ. ಮುರಿದು, ಉರುಟಿ, ಅದ್ದಿ, ಗುಳುಕ್ಕನೆ ನುಂಗಿದರು. ಬೆಂಗಳೂರಿನಿಂದ ಬರುವ ನಮ್ಮ ನೆಂಟರೇ ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತಾರೆ. ಅತ್ತೆಗೆ ಆನಂದ ತಾಳಲಾಗಲಿಲ್ಲ. "ಇವ್ಳು ನಮ್ಮೋಳೇ ಕಣೇ!" ಅಂತ ಎರಡನೆಯ ಮುದ್ದೆ ಹಾಕಿದರು.

ಅಷ್ಟರಲ್ಲಿ ಅದು ಬಂತು. ಬಿದರೆಹಳ್ಳಿ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆದಮೇಲೆ ನಮ್ಮ ಕಡೆ ಆ ಸದ್ದು ಹೊಸತೇನಲ್ಲ. ಮಕ್ಕಳು ಅಂಗಳಕ್ಕೆ ಓಡಿ ಟಾಟಾ ಮಾಡುತ್ತಾರೆ. ಅವತ್ತು ಒಂದು ಹೆಲಿಕಾಪ್ಟರ್ ತಗ್ಗಿನಲ್ಲೇ ಹಾರಿತು, ಹೆಂಚು ಗದಗುಟ್ಟಿತು. ತಿರುಗಿ ನೋಡಿದರೆ ಎಲೆಯ ಮುಂದೆ ನಫೀಸಾ ಇಲ್ಲ. ನಡುಮನೆಯ ಮಂಚದ ಕೆಳಗೆ ಕಿತ್ತಳೆ ಬಟ್ಟೆಯ ಚುಂಗು ಕಾಣುತ್ತಿತ್ತು. ಕೈಯಲ್ಲಿ ಇನ್ನೂ ಸಾರಿತ್ತು, ಆ ಕೈಯಿಂದಲೇ ತಲೆ ಮುಚ್ಚಿಕೊಂಡಿದ್ದರು.

ನಾನು ನಕ್ಕೆ. ಹೇಳಿಕೊಳ್ಳಲು ಹೇಸಿಗೆಯಾಗುತ್ತದೆ, ಆದರೂ ಹೇಳಬೇಕು. ಹೆದರಿಕೆಯಾದಾಗ ನಗುವ ಕೆಟ್ಟ ಚಾಳಿ ನನ್ನದು. ನಗುತ್ತಲೇ, "ಏನೂ ಇಲ್ಲ, ಬನ್ನಿ ಬನ್ನಿ" ಅಂತ ಅವರ ತೋಳು ಹಿಡಿದು ಎಳೆದೆ. ಎಳೆದಷ್ಟೂ ಅವರು ಒಳಕ್ಕೆ ಸರಿದರು. ಅಮಾನಿ ಅಳುತ್ತಿದ್ದಳು.

ಅತ್ತೆ ನನ್ನ ಕೈಗೆ ಪಟ್ಟನೆ ಹೊಡೆದರು. "ಹೆದರವ್ಳೆ ಕಣೇ ಅವ್ಳು. ಹೆದ್ರಿರೋರ್ನ ಎಳೀತಾರಾ?" ಅಂದವರೇ, ಮಂಡಿಯೂರಿ, ಕಂಬ ಹಿಡಿದು, "ಶಿವಾ ಶಿವಾ" ಅನ್ನುತ್ತ ತಾವೂ ಮಂಚದ ಕೆಳಗೆ ತೂರಿದರು. "ಸ್ವಲ್ಪ ಸರ್ಕೋ ತಾಯಿ, ನಾನೂ ಬತ್ತೀನಿ." ನನ್ನ ಮದುವೆಯಾದಾಗಿನಿಂದ ಅವರು ಅಷ್ಟು ಬಗ್ಗಿದ್ದನ್ನು ನಾನು ನೋಡಿರಲಿಲ್ಲ.

ಮುಕ್ಕಾಲು ಗಂಟೆ ಇಬ್ಬರೂ ಅಲ್ಲೇ ಇದ್ದರು. ಮೊದಲು ಬರೀ ಉಸಿರಿನ ಸದ್ದು. ಆಮೇಲೆ ನಫೀಸಾ ಅರಬ್ಬಿಯಲ್ಲಿ ಮಾತಾಡತೊಡಗಿದರು, ಅತ್ತೆ ಕನ್ನಡದಲ್ಲಿ "ಹೂಂ", "ಆಮೇಕೆ?", "ಅಯ್ಯೋ ಪಾಪಿಗಳಾ" ಅನ್ನುತ್ತಿದ್ದರು. ನಾನೂ ಅಮಾನಿಯೂ ಹೊರಗೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಕೇಳಿದೆವು. ಅವಳು ಪಿಸುದನಿಯಲ್ಲಿ ನನಗೆ ಕನ್ನಡ ಮಾಡಿ ಹೇಳಿದಳು. ಮುರಿದು ಬಿದ್ದ ಬಾಗಿಲು. ಪಕ್ಕದ ಮನೆಯವರ ಬೆಕ್ಕು. ಧಾನ್ಯದ ಚೀಲಗಳ ನಡುವೆ ಮಲಗಿ ಮಾಡಿದ ಪ್ರಯಾಣ. ಮೇಲೆ ಹಾರುತ್ತಿದ್ದವುಗಳ ಸದ್ದು. ಮತ್ತೆ ಬೆಕ್ಕು. ಮತ್ತೆ ಬಾಗಿಲು. ಯಾವುದು ಮೊದಲು, ಯಾವುದು ಆಮೇಲೆ ಅಂತ ತಲೆಬುಡ ಇಲ್ಲ. ಖಾಲಿದ್‌ನ ಹೆಸರು ಬಂದಾಗಲೆಲ್ಲ ಮಾತು ನಿಂತು, ಬೇರೆ ಕಡೆಯಿಂದ ಶುರುವಾಗುತ್ತಿತ್ತು.

ಹೊರಬಂದಾಗ ಇಬ್ಬರಿಗೂ ಏಳಲು ಆಗಲಿಲ್ಲ. ಇಬ್ಬರದೂ ಮಂಡಿ ಹಿಡಿದಿತ್ತು. ಒಬ್ಬೊಬ್ಬರನ್ನು ಒಂದೊಂದು ಕಡೆಯಿಂದ ಎತ್ತಿ ನಿಲ್ಲಿಸಿ, ಆರಿದ ಮುದ್ದೆಯನ್ನು ಮತ್ತೆ ಬಿಸಿ ಮಾಡಿ ಬಡಿಸಿದೆ.

ವೀಸಾ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಹಿಂದಿರುಗಲು ಮನೆಯಿಲ್ಲ, ಇಲ್ಲಿರಲು ಕಾಗದವಿಲ್ಲ. ದೆಹಲಿಯಲ್ಲಿ ನಿರಾಶ್ರಿತರ ಅರ್ಜಿ ನೋಡುವ ಕಚೇರಿಯಿದೆ. ಅಲ್ಲಿ ಸಂದರ್ಶನ ಕೊಟ್ಟು, ಏಕೆ ಓಡಿಬಂದಿರಿ ಅಂತ ಹೇಳಬೇಕು. ಒಪ್ಪಿದರೆ ಒಂದು ಕಾರ್ಡು ಕೊಡುತ್ತಾರೆ. ಅರ್ಜಿಯ ಜೊತೆ ಲಿಖಿತ ಹೇಳಿಕೆ ಬೇಕಿತ್ತು. ಬರೆಯುವುದು ನನ್ನ ಪಾಲಿಗೆ ಬಂತು.

ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಇಲ್ಲಿ ಆಯಿತು. ಮಂಚದ ಕೆಳಗೆ ಕೇಳಿದ್ದನ್ನೆಲ್ಲ ನಾನು ಇಸ್ತ್ರಿ ಮಾಡಿದೆ. ಬೆಕ್ಕನ್ನು ತೆಗೆದುಹಾಕಿದೆ. ದಿನಗಳಿಗೆ ಸಂಖ್ಯೆ ಕೊಟ್ಟೆ. ಖಾಲಿದ್ ಹೇಗೆ ತಪ್ಪಿಹೋದ ಅನ್ನುವ ಕಡೆ ಖಾಲಿ ಜಾಗವಿತ್ತು. ಖಾಲಿ ಜಾಗ ಕಂಡರೆ ಗುಮಾಸ್ತರಿಗೆ ಆಗುವುದಿಲ್ಲ. ಅಮಾನಿಯನ್ನು ಕೇಳಿದೆ. "ಬಂದೂಕಿನವರು ಲಾರಿ ನಿಲ್ಲಿಸಿ ಗಂಡುಹುಡುಗರನ್ನ ಇಳಿಸ್ಕೊಳ್ತಾರೆ ಮೇಡಂ, ಹಂಗೇ ಆಗಿರ್ಬೇಕು" ಅಂದಳು. "ಹನ್ನೊಂದನೆಯ ದಿನ ಬೆಳಿಗ್ಗೆ, ತಪಾಸಣೆಯವರು ಮಗನನ್ನು ಇಳಿಸಿಕೊಂಡರು" ಎಂದು ಬರೆದೆ. ಎಷ್ಟು ನೀಟಾಗಿತ್ತು ಅಂದರೆ, ಚಂದ್ರಶೇಖರಯ್ಯನವರಿಂದ ಒಂದೇ ಒಂದು ಕೆಂಪು ಗೆರೆ ಇಲ್ಲದೆ ಬಂದ ನನ್ನ ಮೊದಲ ಕಾಗದ ಅದು. ಹೊನ್ನಪ್ಪನಿಗೆ ತೋರಿಸಿ ಹಿಗ್ಗಿದೆ.

ತಾಯಿ ಮಗಳು ರೈಲಿನಲ್ಲಿ ದೆಹಲಿಗೆ ಹೋದರು. ಅಲ್ಲಿಂದ ಅಮಾನಿಯ ಫೋನ್ ಬಂದಾಗ ನಾನು ಸಿಹಿ ಹಂಚಲು ತಯಾರಾಗಿ ಕೂತಿದ್ದೆ. ಅಧಿಕಾರಿಣಿ ನನ್ನ ಕಾಗದ ನೋಡಿ, "ತಪಾಸಣೆಯವರು ನಿಮ್ಮ ಮಗನನ್ನು ಹೇಗೆ ಇಳಿಸಿಕೊಂಡರು?" ಅಂತ ಕೇಳಿದ್ದರು. ನಫೀಸಾ, "ಯಾರೂ ಇಳಿಸಿಕೊಳ್ಳಲಿಲ್ಲ" ಅಂದರಂತೆ. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಆ ಅಧಿಕಾರಿಣಿ ತಪ್ಪೇನೂ ಮಾಡಲಿಲ್ಲ. ಕಾಗದ ಒಂದು ಹೇಳಿತು, ಬಾಯಿ ಇನ್ನೊಂದು ಹೇಳಿತು. ಅರ್ಜಿಯನ್ನು ತಡೆಹಿಡಿದರು.

ನಾನು ನೇರವಾಗಿ ಚಂದ್ರಶೇಖರಯ್ಯನವರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಕೆಲಸ ಹೋಗುತ್ತದೆ ಅಂತಲೇ ನನ್ನ ಲೆಕ್ಕ.

"ಆಯಮ್ಮ ದಾರೀಲಿ ಎಷ್ಟು ದಿನ ಅಂದ್ರು?"

"ಒಂದ್ಸಲ ಮೂರು ಅಂದ್ರು ಸಾರ್. ಒಂದ್ಸಲ ಗೊತ್ತಿಲ್ಲ ಅಂದ್ರು."

"ಮಗ ಹೆಂಗೆ ಹೋದ ಅಂದ್ರು?"

"ಹೇಳಲೇ ಇಲ್ಲ ಸಾರ್."

"ಹೇಳಲಿಲ್ಲ ಅಂತ ಬರೆಯೋಕೆ ನಿಮಗೇನ್ರೀ ರೋಗ?" ಅಂತ ಮೇಜು ಗುದ್ದಿದರು. ಆಮೇಲೆ ಎದ್ದು ಕಿಟಕಿಯ ಹತ್ತಿರ ನಿಂತರು. ಅವರಿಗೆ ಹತ್ತು ವರ್ಷವಿದ್ದಾಗ ಗಲಾಟೆಯಲ್ಲಿ ಅವರ ಬೀದಿಗೆ ಬೆಂಕಿ ಬಿದ್ದಿತ್ತಂತೆ. ಅವರಮ್ಮ ಇವರ ಕೈ ಹಿಡಿದು ಓಡಿದ್ದರಂತೆ. "ಯಾವ ವಾರ ಅಂತ ನಂಗೆ ಗೊತ್ತಿಲ್ಲ ಕಣ್ರೀ. ಅಮ್ಮನ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಅದೊಂದು ಗೊತ್ತು." ಅಷ್ಟು ಹೇಳಿ ಕೂತು, ನನ್ನ ತಪ್ಪೊಪ್ಪಿಗೆಯ ಪತ್ರವನ್ನು ನನ್ನಿಂದಲೇ ಬರೆಸಿದರು. ಹೇಳಿಕೆಯಲ್ಲಿ ಯಾವ ಯಾವ ಮಾತು ಆ ತಾಯಿಯದಲ್ಲ, ನನ್ನದು ಅಂತ ಒಂದೊಂದಾಗಿ ತೋರಿಸಿದೆ. ಕೆಳಗೆ ಅವರೂ ಸಹಿ ಹಾಕಿದರು, ವಿಚಾರಿಸದೆ ಒಪ್ಪಿದ ತಪ್ಪು ತಮ್ಮದೂ ಹೌದೆಂದು. ಸಹಿ ಕೆಂಪು ಶಾಯಿಯಲ್ಲಿತ್ತು. ಇಬ್ಬರಿಗೂ ಅದು ಹೊಳೆದದ್ದು ಪೋಸ್ಟ್ ಮಾಡಿದ ಮೇಲೆ!

ಎರಡನೆಯ ಸಂದರ್ಶನಕ್ಕೆ ಕರೆ ಬಂತು. ತಾಯಿಯ ಮಂಡಿನೋವಿನ ಕಾರಣ ವಿಡಿಯೋದಲ್ಲಿ, ನಮ್ಮ ಕಚೇರಿಯಿಂದಲೇ. ಆ ಕಡೆ ಅರಬ್ಬಿ ದುಭಾಷಿ ಇರುತ್ತಾರೆ. ಈ ಕಡೆ ಮನೆಯವರು ಇರಬಾರದು, ಧೈರ್ಯಕ್ಕೆ ಬೇರೆ ಒಬ್ಬರನ್ನು ಕೂರಿಸಿಕೊಳ್ಳಬಹುದು ಅಂದರು. ಯಾರು ಬೇಕು ಅಂತ ಕೇಳಿದರೆ ನಫೀಸಾ ನನ್ನನ್ನು ತೋರಿಸುತ್ತಾರೆ ಅಂದುಕೊಂಡಿದ್ದೆ. ಅವರು ಹಣೆಯ ಮೇಲೆ ಮೂರು ಬೆರಳು ಎಳೆದು ತೋರಿಸಿದರು. ಅತ್ತೆ!

ನಿಟ್ಟೂರಿನಿಂದ ಆಟೋದಲ್ಲಿ ಅತ್ತೆ ಬಂದರು, ರೇಷ್ಮೆ ಸೀರೆ ಉಟ್ಟು. ನಾನು ಕಂಪ್ಯೂಟರ್ ಹಾಕಿ, ಕ್ಯಾಮೆರಾ ಸರಿಮಾಡಿ, ಬಾಗಿಲು ಎಳೆದುಕೊಂಡು ಬಂದೆ. ಹೊರಗಿನ ಬೆಂಚಿನಲ್ಲಿ ಅಮಾನಿ, ಹೊನ್ನಪ್ಪ, ನಾನು. ಒಳಗಿಂದ ನಫೀಸಾರ ದನಿ ನಿಲ್ಲದೆ ಕೇಳುತ್ತಿತ್ತು. ಒಂದು ಹಂತದಲ್ಲಿ ದನಿ ಒಡೆಯಿತು, ಮತ್ತೆ ಮುಂದುವರಿಯಿತು. ಇಷ್ಟು ಮಾತಾಡಿದ್ದೇ ಇಲ್ಲ ಅಂತ ಅಮಾನಿ ನನ್ನ ಕೈ ಹಿಸುಕಿದಳು.

ಆಗ ದೆಹಲಿಯಿಂದ ನನ್ನ ಫೋನಿಗೆ ಕರೆ. "ಮೇಡಂ, ಹತ್ತು ನಿಮಿಷದಿಂದ ನಮಗೆ ಏನೂ ಕೇಳಿಸ್ತಿಲ್ಲ."

ಮೈಕು ಹಾಕಿರಲೇ ಇಲ್ಲ ನಾನು!

ಒಳಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಪರದೆಯಲ್ಲಿ ಅಧಿಕಾರಿಣಿ ಕಿವಿ ತೋರಿಸುತ್ತಿದ್ದಾರೆ. ನಫೀಸಾ ಕಣ್ಣುಮುಚ್ಚಿ ಹೇಳುತ್ತಲೇ ಇದ್ದಾರೆ. ಅತ್ತೆ ಅವರ ಕೈ ಹಿಡಿದು ಗೊಳೋ ಅಳುತ್ತಿದ್ದಾರೆ. ನಾನು ಗುಂಡಿ ಒತ್ತಿ, ತೊದಲುತ್ತ ವಿಷಯ ಹೇಳಿದೆ. ದುಭಾಷಿ ಅರಬ್ಬಿಯಲ್ಲಿ ಹೇಳಿದರು. ನಫೀಸಾ ಕಣ್ಣು ಬಿಟ್ಟು ಪರದೆ ನೋಡಿದರು, ಮೈಕು ನೋಡಿದರು, ನನ್ನ ಮುಖ ನೋಡಿದರು.

ಅತ್ತೆ ಕಣ್ಣೊರೆಸಿಕೊಂಡು, "ಅವ್ರ್ ಕೇಳುಸ್ಕೊಳ್ದಿದ್ರೇನಂತೆ, ನಾನ್ ಕೇಳುಸ್ಕೊಂಡಿವ್ನಿ. ನಾನೇ ಹೇಳ್ತೀನಿ ಬುಡು" ಅಂದರು.

"ನಿಮಗೇನ್ ಅರ್ಥ ಆಯ್ತತ್ತೆ?"

"ಮಗನ ವಿಷ್ಯ ಕಣೇ. ಅದ್ರಲ್ ಇನ್ನೇನ್ ಅರ್ಥ ಆಗ್ಬೇಕು?"

ನಫೀಸಾ ನಕ್ಕರು. ಬಂದಾಗಿನಿಂದ ಅವರು ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ಹೊಟ್ಟೆ ಹಿಡಿದು, ಮೇಜಿಗೆ ಹಣೆಯಿಟ್ಟು ನಕ್ಕರು. ಇಷ್ಟು ದಿನ ಬಚ್ಚಿಟ್ಟದ್ದನ್ನು ಕೊನೆಗೂ ಬಾಯಿಬಿಟ್ಟು ಗೋಡೆಗೆ ಹೇಳಿದೆನಾ ಅಂತ ಅವರ ನಗು. ದೆಹಲಿಯ ದುಭಾಷಿ ನಕ್ಕರು, ಅಧಿಕಾರಿಣಿ ಬಾಯಿಗೆ ಕೈ ಅಡ್ಡ ಹಿಡಿದರು, ಬಾಗಿಲಾಚೆ ಹೊನ್ನಪ್ಪ ಏನೂ ತಿಳಿಯದೆ ನಕ್ಕ. ಆಮೇಲೆ ನಫೀಸಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು, ಮೊದಲಿನಿಂದ ಹೇಳಿದರು. ನಾನು ಬಾಗಿಲು ಮುಚ್ಚಿ ಹೊರಬಂದೆ.

ಅವರು ಹೇಳಿದ್ದನ್ನು ಆಮೇಲೆ ಅಮಾನಿಗೂ ಹೇಳಿ, ನಮಗೂ ತಿಳಿಸಲು ಒಪ್ಪಿದರು. ಹೆಸರು ಬದಲಿಸಿ ಬರೆಯಲೂ ಒಪ್ಪಿದ್ದಾರೆ. ಖಾಲಿದ್‌ನನ್ನು ಯಾರೂ ಇಳಿಸಿಕೊಂಡಿರಲಿಲ್ಲ. ಬಿಸಿಲಿಗೆ ನಾಲಿಗೆ ಒಣಗಿ, ರಸ್ತೆಬದಿಯ ಬಾವಿಯಿಂದ ನೀರು ತಾ ಅಂತ ಕಳಿಸಿದವರು ತಾಯಿಯೇ. ಅವನು ಹೋದಾಗ ಗುಂಡಿನ ಸದ್ದು ಕೇಳಿತು, ಚಾಲಕ ಲಾರಿ ಓಡಿಸಿದ. ಕೂಗಿದರೂ ನಿಲ್ಲಿಸಲಿಲ್ಲ. ಮಗನನ್ನು ಕಳೆದದ್ದು ನಾನೇ ಅಂತ ಅವರು ತಮ್ಮ ಮೇಲೆ ತೀರ್ಪು ಕೊಟ್ಟುಕೊಂಡಿದ್ದರು. ಎಷ್ಟು ದಿನ, ಯಾವ ಊರು ಅಂತ ಕೇಳಿದಾಗಲೆಲ್ಲ ಲೆಕ್ಕ ಆ ಬಾವಿಯ ಹತ್ತಿರ ಬಂದು ಮುರಿಯುತ್ತಿತ್ತು. ನಾನು ಅಲ್ಲಿಗೆ ಹನ್ನೊಂದು ಅನ್ನುವ ಅಂಕಿಯನ್ನು ತಂದು ಅಂಟಿಸಿದ್ದೆ.

ಹೊಸ ಹುಡುಗಿಗೆ ಕೆಲಸದ ಮಾತು ಅಂತ ಹೇಳುವುದಿದ್ದರೆ ಇಷ್ಟು. ಓಡಿಬಂದವರ ನೆನಪು ಕ್ಯಾಲೆಂಡರಿನಂತೆ ಇರುವುದಿಲ್ಲಮ್ಮ. ಬೆಕ್ಕು ಬಂದರೆ ಬೆಕ್ಕು ಅಂತಲೇ ಬರೆ. ಖಾಲಿ ಬಿಟ್ಟರೆ ಖಾಲಿ ಬಿಡು. ಮೈಕು ಹಾಕು.

ಕಾರ್ಡು ಬಂದದ್ದು ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲು. ಚಂದ್ರಶೇಖರಯ್ಯನವರು ಅದನ್ನು ಹಿಂದೆ ಮುಂದೆ ತಿರುಗಿಸಿ, ತಪ್ಪು ಹುಡುಕಿ, ಸಿಗದೆ, "ಸರಿಯಾಗಿದೆ" ಅಂದರು. ಅವರ ಬಾಯಿಂದ ಆ ಪದ ನಾವು ಯಾರೂ ಕೇಳಿರಲಿಲ್ಲ. ಹೊನ್ನಪ್ಪ ಕುಣಿಗಲ್‌ನವನು. "ಕೆರೆ ಕೋಡಿ ಬಿದ್ದದೆ, ಎಲ್ರೂ ನಮ್ಮೂರ್ಗೆ ಬನ್ನಿ" ಅಂದ. ದೊಡ್ಡ ನದಿಯ ದಡದಲ್ಲಿ ಹುಟ್ಟಿ ಬೆಳೆದ ನಫೀಸಾ, ನೀರು ಅಂದ ಕೂಡಲೇ ಚಪ್ಪಲಿ ಮೆಟ್ಟಿ ತಯಾರಾದರು. ನಾನು, ಅತ್ತೆ, ತಾಯಿ ಮಗಳು ಬಸ್ಸು ಹತ್ತಿದೆವು.

ಕುಣಿಗಲ್ ಕೆರೆ ಏರಿಯ ಮೇಲೆ ಅವತ್ತು ಜಾತ್ರೆಯಷ್ಟು ಜನ. ಗಾಳಿಗೆ ಅತ್ತೆಯ ಸೆರಗು, ನಫೀಸಾರ ಬಟ್ಟೆ ಎರಡೂ ಪಟಪಟ ಹೊಡೆದುಕೊಳ್ಳುತ್ತಿದ್ದವು. ಹೊನ್ನಪ್ಪ ಎಲ್ಲರಿಗೂ ಚುರುಮುರಿ ಕೊಡಿಸುತ್ತಿದ್ದ. ಅಮಾನಿಯ ಫೋನು ರಿಂಗಾಯಿತು. ಗುರುತಿಲ್ಲದ, ಉದ್ದನೆಯ ನಂಬರು. ಅವಳು ಕಿವಿಗಿಟ್ಟುಕೊಂಡಳು, ಚುರುಮುರಿಯ ಪೊಟ್ಟಣ ಕೈಜಾರಿತು.

ಗಡಿಯಾಚೆ, ದಕ್ಷಿಣ ಸುಡಾನಿನ ಒಂದು ಶಿಬಿರದಲ್ಲಿ ಇದ್ದಾನೆ ಖಾಲಿದ್. ದೆಹಲಿಯ ಕಚೇರಿಯವರು ತಾಯಿಯ ಮಾತು ಕೇಳಿದ ಮೇಲೆ ಅವನ ಹೆಸರನ್ನೂ ಅಮಾನಿಯ ನಂಬರನ್ನೂ, ತಪ್ಪಿಹೋದವರನ್ನು ಹುಡುಕುವ ಸಂಸ್ಥೆಯವರಿಗೆ ಕಳಿಸಿದ್ದರು. ಯಾರದೋ ಫೋನು ಕೇಳಿ ಪಡೆದು ಮಾತಾಡುತ್ತಿದ್ದಾನೆ. ನಫೀಸಾ ಫೋನು ಕಸಿದುಕೊಂಡು, ನಾಲಿಗೆಯನ್ನು ಅಲುಗಿಸಿ ಆಕಾಶಕ್ಕೆ ಕೇಳುವಂತೆ ಉಲಿ ಹಾಕಿದರು. ಮದುವೆಯಲ್ಲಿ ಅವರ ಕಡೆಯ ಹೆಂಗಸರು ಹಾಕುವ ಉಲಿ ಅದು. ಏರಿಯ ಮೇಲಿದ್ದ ಜನರೆಲ್ಲ ತಿರುಗಿದರು.

"ಏನಾಯ್ತು, ಏನಾಯ್ತು?"

"ಮಗ ಸಿಕ್ಕವ್ನೆ! ಕಳ್ದೋಗಿದ್ ಮಗ ಸಿಕ್ಕವ್ನೆ!" ಅಂತ ಹೊನ್ನಪ್ಪ ಕುಣಿಯುತ್ತ ಓಡಾಡಿದ. ಗುರುತು ಪರಿಚಯ ಇಲ್ಲದವರೆಲ್ಲ ಸುತ್ತ ಸೇರಿದರು. ಯಾರೋ ಶಿಳ್ಳೆ ಹೊಡೆದರು. ಅತ್ತೆ ಕೋಲು ಬಿಸಾಡಿ ಚಪ್ಪಾಳೆ ತಟ್ಟುತ್ತಿದ್ದಾರೆ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಕೇಳಬೇಡಿ.

ತಾಯಿ ಮಗ ಮಾತಾಡಿ ಮುಗಿಸುವವರೆಗೆ ಜನ ಕಾದರು. ಆಮೇಲೆ ನಫೀಸಾ ಫೋನಿನ ಸ್ಪೀಕರ್ ಹಾಕಿ, ಎಲ್ಲರ ಬಾಯಿಯ ಮುಂದೂ ಹಿಡಿಯತೊಡಗಿದರು. ಮಗನಿಗೆ ಏನಾದರೂ ಹೇಳಿ ಅಂತ ಸನ್ನೆ. ಅತ್ತೆ ಆಶೀರ್ವಾದ ಮಾಡಿದರು. ಹೊನ್ನಪ್ಪ ತನ್ನ ಹೆಸರು, ಊರು, ಹುದ್ದೆ ಹೇಳಿದ. ಫೋನು ಚುರುಮುರಿ ಮಾರುವವನ ಮುಂದೆ ಬಂತು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, ಫೋನಿಗೆ ಬಾಯಿ ಹತ್ತಿರ ತಂದು, ದೂರದವರಿಗೆ ಕೇಳಿಸಲೆಂದು ಗಟ್ಟಿಯಾಗಿ ಕೂಗಿದ.

"ಏನ್ ಮಗಾ, ಊಟ ಆಯ್ತಾ?"

ಅಮಾನಿ ಅರಬ್ಬಿಯಲ್ಲಿ ಹೇಳಿದಳು. ಆ ಕಡೆಯಿಂದ ಹರೆಯದ ಗಂಡುದನಿಯಲ್ಲಿ ಒಂದು ನಗು, ನಾಲ್ಕು ಮಾತು. ಅಮಾನಿ ಮೂಗೊರೆಸಿಕೊಂಡು ಚುರುಮುರಿಯವನ ಕಡೆ ತಿರುಗಿದಳು.

"ಆಯ್ತಂತೆ ಅಣ್ಣ. ನಿಮ್ದು ಆಯ್ತಾ ಅಂತ ಕೇಳ್ತಾವ್ನೆ."